ನಡುವಿನ ಸಾಹೇಬ ಮತ್ತು ನಮ್ಮ ಅರ್ಜಿ

ಪೊಲೀಸರ ಬಗ್ಗೆ ನಾವು ಬರೆಯುವಾಗ, ಭಾಷಣ ಮಾಡುವಾಗ ನಮ್ಮ ಕಣ್ಣಿಗೆ ಕಾಣುವುದು ಎರಡೇ ಮುಖ. ಒಂದು, ಲಾಠಿ ಹಿಡಿದು ಕೇರಿಗೆ ನುಗ್ಗುವ ಕಾನ್ಸ್‌ಟೇಬಲ್. ಇನ್ನೊಂದು, ಬೆಂಗಳೂರಲ್ಲಿ ಕೂತು ಫೋನು ಮಾಡುವ ಮಂತ್ರಿ. ಹೊಡೆದವನು ಅವನು, ಹೊಡೆಸಿದವನು ಇವನು ಅಂತ ಲೆಕ್ಕ ಮುಗಿಸಿಬಿಡುತ್ತೇವೆ. ಆದರೆ ಆ ಫೋನಿಗೂ ಈ ಲಾಠಿಗೂ ನಡುವೆ ಒಂದು ಕುರ್ಚಿ ಇದೆ. ಅದರಲ್ಲಿ ಕೂತವನು ಸಬ್ ಇನ್ಸ್‌ಪೆಕ್ಟರ್ ಇರಬಹುದು, ಸರ್ಕಲ್ ಇನ್ಸ್‌ಪೆಕ್ಟರ್ ಇರಬಹುದು, ಡಿವೈಎಸ್‌ಪಿ ಇರಬಹುದು. ಮೇಲಿನ ಮಾತು ಕೆಳಗಿಳಿಯುವುದು ಅವನ ಬಾಯಿಂದ. ಕೆಳಗಿನ ಸಂಕಟ ಮೇಲಕ್ಕೆ ಹತ್ತಬೇಕಾದರೆ ಅವನ ಪೆನ್ನಿನಿಂದಲೇ ಹತ್ತಬೇಕು. ಈ ನಡುವಿನ ಮನುಷ್ಯನ ಬಗ್ಗೆ ನಾವು ಯೋಚನೆ ಮಾಡಿದ್ದು ಕಡಿಮೆ.

ಠಾಣೆಯ ಮೆಟ್ಟಿಲು ಹತ್ತಿದ ನಮ್ಮವರಲ್ಲಿ ಯಾರನ್ನಾದರೂ ಕೇಳಿ. ಅವರು ಕೇಳಿಸಿಕೊಂಡು ಬಂದ ಮಾತು ಒಂದೇ: "ನಾನೇನ್ ಮಾಡ್ಲಪ್ಪಾ, ಮೇಲಿಂದ ಆರ್ಡರ್ ಆಗೈತೆ." ಈ ಮಾತು ಪೂರ್ತಿ ಸುಳ್ಳೂ ಅಲ್ಲ. ಬಹಳ ಸಲ ನಿಜವಾಗಿಯೂ ಮೇಲಿಂದ ಮಾತು ಬಂದಿರುತ್ತದೆ. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಮಾತು ನಿಜ ಅಂದಮಾತ್ರಕ್ಕೆ ಅದು ಉತ್ತರವಾಗುತ್ತದೆಯೇ? ಅನ್ಯಾಯವನ್ನು ತಾನು ಹುಟ್ಟಿಸದೆ ಬರೀ ದಾಟಿಸಿದವನು ಅದಕ್ಕೆ ಹೊಣೆಯೋ ಅಲ್ಲವೋ? ತತ್ವಶಾಸ್ತ್ರ ಅನ್ನುವುದು ಮಠದಲ್ಲಿ, ಕಾಲೇಜಿನಲ್ಲಿ ಮಾತ್ರ ಇರುವ ವಸ್ತು ಅಂತ ತಿಳಿದವರಿದ್ದಾರೆ. ಅರ್ಜಿ ಹಿಡಿದು ನಿಂತವನಿಗೆ ತತ್ವಶಾಸ್ತ್ರ ಈ ಪ್ರಶ್ನೆಯಿಂದಲೇ ಶುರುವಾಗುತ್ತದೆ.

ಮರಳವಾಡಿಯನ್ನೇ ತೆಗೆದುಕೊಳ್ಳೋಣ. ಕನಕಪುರ ತಾಲ್ಲೂಕಿನ ಹೋಬಳಿಯಾಗಿದ್ದ ಊರು, ಈಗ ಹಾರೋಹಳ್ಳಿ ತಾಲ್ಲೂಕಿಗೆ ಸೇರಿದೆ. ಒಂದು ಕಡೆ ಬನ್ನೇರುಘಟ್ಟದ ಕಾಡು, ಇನ್ನೊಂದು ಕಡೆ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ. ರಾಗಿ, ಹಿಪ್ಪುನೇರಳೆ, ಮಾವು ಬೆಳೆಯುವ ನೆಲಕ್ಕೆ ಬೆಂಗಳೂರಿನ ದುಡ್ಡು ಬಂದು ಬಿದ್ದಿದೆ. ಬೆಂಗಳೂರು ಜಿಲ್ಲೆಯಲ್ಲಿದ್ದ ಈ ಸೀಮೆ 1986ರಲ್ಲಿ ಬೆಂಗಳೂರು ಗ್ರಾಮಾಂತರವಾಯಿತು, 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆಯಿತು. ಬೋರ್ಡುಗಳು ಬದಲಾದವು, ಲೆಟರ್‌ಹೆಡ್ ಬದಲಾದವು, ಜಮೀನಿನ ಬೆಲೆ ಬದಲಾಯಿತು. ಬೆಲೆ ಏರಿದಂತೆಲ್ಲ ಕೇರಿಯವರ ಕೈಲಿರುವ ದರಖಾಸ್ತು ಜಮೀನಿನ ಮೇಲೆ ಕಣ್ಣು ಬೀಳುತ್ತದೆ. ಇಂಥ ಮಂಜೂರಾತಿ ಜಮೀನು ಪರಭಾರೆ ಆಗಬಾರದೆಂದು 1978ರಲ್ಲೇ ನಾಡಿನಲ್ಲಿ ಕಾಯಿದೆ ಬಂತು. 2023ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ, ಜಮೀನು ವಾಪಸು ಕೇಳಲು ಕಾಲದ ಮಿತಿ ಇಲ್ಲ ಅಂತಲೂ ಮಾಡಿದರು.

ಕಾಯಿದೆ ಹಾಗಿರಲಿ. ಇಂಥ ಯಾವುದೇ ಹೋಬಳಿಯಲ್ಲಿ ಒಬ್ಬ ಕೂಲಿಕಾರನ ಎರಡು ಎಕರೆಯ ಸುತ್ತ ರಾತ್ರೋರಾತ್ರಿ ಕಲ್ಲುಕಂಬ ಎದ್ದು ನಿಂತವು ಅಂತ ಇಟ್ಟುಕೊಳ್ಳಿ. ಅವನು ಬೆಳಗ್ಗೆ ಯಾರ ಕೈಲೋ ಅರ್ಜಿ ಬರೆಸಿಕೊಂಡು ಠಾಣೆಗೆ ಹೋಗುತ್ತಾನೆ. ಸಾಹೇಬರು ಅರ್ಜಿ ಓದಿ ಎರಡೇ ಪದ ಹೇಳುತ್ತಾರೆ: "ಸಿವಿಲ್ ಮ್ಯಾಟರ್." ಅಲ್ಲಿಗೆ ಮುಗಿಯಿತು. ಅವನು ಹೊರಗೆ ಬಂದು ಬೇವಿನ ಮರದ ಕೆಳಗೆ ಕೂರುತ್ತಾನೆ. ಆದರೆ ಪರಿಶಿಷ್ಟ ಜಾತಿ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯಿದೆಯ 3ನೇ ಕಲಮನ್ನು ತೆಗೆದು ನೋಡಿ. ಪರಿಶಿಷ್ಟರ ಜಮೀನನ್ನು ಅನ್ಯಾಯವಾಗಿ ಆಕ್ರಮಿಸುವುದು, ಅವರನ್ನು ಅಲ್ಲಿಂದ ಎಬ್ಬಿಸುವುದು, ಅದರ ಅನುಭೋಗಕ್ಕೆ ಅಡ್ಡಿ ಮಾಡುವುದು, ಇವೆಲ್ಲ ಅಪರಾಧ ಅಂತಲೇ ಬರೆದಿದೆ. ಅಪರಾಧವನ್ನು 'ಸಿವಿಲ್ ಮ್ಯಾಟರ್' ಮಾಡಿದವರು ಯಾರು? ವಿಧಾನಸಭೆಯಲ್ಲ, ಹೈಕೋರ್ಟಲ್ಲ, ಎಸ್‌ಪಿಯೂ ಅಲ್ಲ. ಆ ನಡುವಿನ ಕುರ್ಚಿ.

ಈ ಕುರ್ಚಿ ಎಲ್ಲಿಂದ ಬಂತು ಅನ್ನುವುದನ್ನು ತಿಳಿಯಬೇಕು. ನಮ್ಮ ಹಳೇ ಊರುಗಳಲ್ಲಿ ಕಾವಲು ಕಾಯುವ ಕೆಲಸ ತಳವಾರ, ತೋಟಿಯದು. ಬಹಳ ಊರುಗಳಲ್ಲಿ ಅವನು ನಮ್ಮ ಕೇರಿಯವನೇ. ಕಳ್ಳನನ್ನು ಹಿಡಿಯಲು ಓಡುವವನು ಅವನು, ಕಳವಾದರೆ ಬೈಸಿಕೊಳ್ಳುವವನೂ ಅವನು. ಅವನ ಮೇಲೆ ಪಟೇಲ. ಪಟೇಲನ ಮೇಲೆ ಅಮಲ್ದಾರ. ಪಟೇಲ ಊರಿನವನೂ ಹೌದು, ಸರ್ಕಾರದವನೂ ಹೌದು. ಊರಿನ ಮುಂದೆ "ಸರ್ಕಾರದ ಹುಕುಂ" ಅನ್ನುತ್ತಿದ್ದ, ಸರ್ಕಾರದ ಮುಂದೆ "ಊರಿನ ಪದ್ಧತಿ" ಅನ್ನುತ್ತಿದ್ದ. ಎರಡು ಕಡೆಯೂ ತಾನು ಬರೀ ಮಾತು ದಾಟಿಸುವವನು. ತನ್ನದು ಅಂತ ಏನೂ ಇಲ್ಲ. ಆದರೆ ಊರಿನ ಒಳ್ಳೇ ಗದ್ದೆ ಮಾತ್ರ ಅವನದು! 1961ರ ಕಾಯಿದೆ ಈ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಹುದ್ದೆ ಹೋಯಿತು, 'ಹುಕುಂ' ಮತ್ತು 'ಪದ್ಧತಿ'ಯ ನಡುವೆ ಅಡಗಿಕೊಳ್ಳುವ ವಿದ್ಯೆ ಉಳಿಯಿತು.

ಇತ್ತ ಬ್ರಿಟಿಷ್ ಇಂಡಿಯಾದಲ್ಲಿ 1861ರ ಪೊಲೀಸ್ ಕಾಯಿದೆ ಬಂದದ್ದು 1857ರ ದಂಗೆ ಕಂಡು ಹೆದರಿದವರಿಂದ. ಜನರನ್ನು ಕಾಯುವುದಕ್ಕಿಂತ ಜನರಿಂದ ಸರ್ಕಾರವನ್ನು ಕಾಯುವುದು ಅದರ ಚಿಂತೆ. ಆಮೇಲೆ 1902-03ರ ಫ್ರೇಸರ್ ಆಯೋಗ ಬಂದು, ಓದಿದವರನ್ನು ನೇರವಾಗಿ ಸಬ್ ಇನ್ಸ್‌ಪೆಕ್ಟರ್ ಮಾಡಬೇಕು, ಭಾರತೀಯರಿಗೆ ಡೆಪ್ಯುಟಿ ಸೂಪರಿಂಟೆಂಡೆಂಟ್ ಎಂಬ ಹುದ್ದೆ ಕೊಡಬೇಕು ಅಂದಿತು. ಅಂದರೆ ದೊಡ್ಡ ಕುರ್ಚಿ ಬಿಳಿಯನದಾಗಿಯೇ ಉಳಿಯಿತು, ಅದರ ಕೆಳಗೆ ನಮ್ಮವರಿಗೆ ಒಂದು ಕುರ್ಚಿ ಹಾಕಿದರು. ಆಳುವವನ ಮಾತನ್ನು ಆಳಿಸಿಕೊಳ್ಳುವವರ ಭಾಷೆಯಲ್ಲಿ ಹೇಳುವ ಕೆಲಸ ಅದು. ಮೇಲಿನವರ ಕಿವಿಯಾಗಿ, ಕೆಳಗಿನವರ ಮೇಲೆ ಕಣ್ಣಾಗಿ ಇರು. ನಡುವಿನ ಅಧಿಕಾರಿಯ ಹಳೇ ಪಾತ್ರ ಇಷ್ಟೇ.

ಆದರೆ ಇಲ್ಲೊಂದು ವಿಚಿತ್ರ ಇದೆ. ಇಲಾಖೆ ಅವನನ್ನು ಕೊಳವೆ ಮಾಡಿಟ್ಟಿತು, ಕಾನೂನು ಮಾತ್ರ ಅವನನ್ನು ಮನುಷ್ಯ ಅಂತಲೇ ತಿಳಿದಿದೆ. ಶಿಕ್ಷೆಗೆ ಗುರಿಯಾಗಬಲ್ಲ ಗಂಭೀರ ಅಪರಾಧದ ದೂರು ಬಂದರೆ ಬರೆದುಕೊಳ್ಳುವ ಹೊಣೆಯನ್ನು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಹೊರಿಸಿದ್ದು ಡಿಜಿಪಿಯ ಮೇಲಲ್ಲ, ಮಂತ್ರಿಯ ಮೇಲಲ್ಲ. ಠಾಣೆಯ ಮುಖ್ಯಸ್ಥನ ಮೇಲೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಹಾಗೇ ಇದೆ. ದೂರು ಬರೆದುಕೊಳ್ಳುವ ಮುಂಚೆ ಮೇಲೆ ಕೇಳು ಅಂತ ಯಾವ ಕಲಮೂ ಹೇಳುವುದಿಲ್ಲ. ಸುಪ್ರೀಂ ಕೋರ್ಟು 2013ರಲ್ಲಿ ಲಲಿತಾ ಕುಮಾರಿ ಮೊಕದ್ದಮೆಯಲ್ಲಿ, ಅಂಥ ದೂರನ್ನು ದಾಖಲಿಸುವುದು ಕಡ್ಡಾಯ ಎಂದು ಖಡಾಖಂಡಿತ ಹೇಳಿತು. ತನಿಖೆ ಮುಗಿದ ಮೇಲೆ ಯಾವ ವರದಿ ಕೊಡಬೇಕು ಅನ್ನುವುದರಲ್ಲಿ, ಚಾರ್ಜ್‌ಶೀಟನ್ನೇ ಹಾಕು ಎಂದು ಮ್ಯಾಜಿಸ್ಟ್ರೇಟರು ಕೂಡ ಆಜ್ಞೆ ಮಾಡುವಂತಿಲ್ಲ ಅಂತ 1967ರಷ್ಟು ಹಿಂದೆಯೇ ಅದೇ ಕೋರ್ಟು ಹೇಳಿದೆ. ಮ್ಯಾಜಿಸ್ಟ್ರೇಟರೇ ಬಗ್ಗಿಸಬಾರದ ಪೆನ್ನನ್ನು ಪಂಚಾಯ್ತಿ ಅಧ್ಯಕ್ಷನ ಬಾಮೈದ ಬಗ್ಗಿಸುತ್ತಾನೆ ಅಂದರೆ, ಬಗ್ಗಿದ್ದು ಕಾನೂನಲ್ಲ.

ಕಳೆದ ಮೂವತ್ತು ವರ್ಷಗಳಲ್ಲಿ ಈ ಕುರ್ಚಿಯ ಕೆಲಸ ಇನ್ನಷ್ಟು ಬದಲಾಗಿದೆ. 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಆಯಿತು. 1995ರ ನಿಯಮಗಳು ಒಂದು ದೊಡ್ಡ ಕೆಲಸ ಮಾಡಿದವು. ಈ ಕಾಯಿದೆಯ ಕೇಸನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡಕೂಡದು ಅಂದವು. ಅದುವರೆಗೆ ಡಿವೈಎಸ್‌ಪಿ ಅಂದರೆ ಜೀಪಿನಲ್ಲಿ ಬಂದು, ಡೈರಿ ನೋಡಿ, ರುಜು ಹಾಕಿ ಹೋಗುವ ದೊಡ್ಡ ಸಾಹೇಬ. ಈಗ ಅವನೇ ಕೇರಿಗೆ ಬರಬೇಕು, ಅವನೇ ಮಹಜರು ಮಾಡಬೇಕು, ಸುಟ್ಟ ಗುಡಿಸಲ ಬೂದಿಯನ್ನು ಅವನೇ ನೋಡಬೇಕು. ಆ ನಿಯಮದಲ್ಲಿ ಇನ್ನೊಂದು ಮಾತಿದೆ. ತನಿಖಾಧಿಕಾರಿಯನ್ನು ನೇಮಿಸುವಾಗ ಅನುಭವ, ಸಾಮರ್ಥ್ಯದ ಜೊತೆಗೆ ಅವನ ನ್ಯಾಯಪ್ರಜ್ಞೆಯನ್ನೂ ಗಮನಿಸಬೇಕಂತೆ. ಸರ್ಕಾರದ ನಿಯಮವೊಂದು ನೌಕರನಿಂದ ನ್ಯಾಯಪ್ರಜ್ಞೆ ಕೇಳುವುದು ಅಪರೂಪ. ಕೊಳವೆಗೆ ನ್ಯಾಯಪ್ರಜ್ಞೆ ಇರುವುದಿಲ್ಲ. ಮನುಷ್ಯನಿಗೆ ಮಾತ್ರ ಇರಲು ಸಾಧ್ಯ.

2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ 4ನೇ ಕಲಮನ್ನು ಬಿಡಿಸಿ ಬರೆಯಿತು. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು ಓದಿ ಹೇಳಬೇಕು, ಕೇಸು ದಾಖಲಿಸಬೇಕು, ಪ್ರತಿ ಕೊಡಬೇಕು. ಬೇಕೆಂದೇ ಮಾಡದ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸಜೆ. 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟಿನ ಒಂದು ತೀರ್ಪು, ಕೇಸು ದಾಖಲಿಸುವ ಮುಂಚೆ ಡಿವೈಎಸ್‌ಪಿ ಪ್ರಾಥಮಿಕ ವಿಚಾರಣೆ ಮಾಡಬಹುದು ಅಂದಾಗ ದೇಶದ ದಲಿತರು ಏಪ್ರಿಲ್ 2ರಂದು ಬೀದಿಗಿಳಿದರು. ಅದೇ ವರ್ಷ ಸಂಸತ್ತು 18ಎ ಕಲಮು ಸೇರಿಸಿ, ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದಿತು. ನಾವು ಅಂದು ಬೀದಿಗಿಳಿದದ್ದು ಯಾಕೆ? 'ಪ್ರಾಥಮಿಕ ವಿಚಾರಣೆ' ಅನ್ನುವ ಹೊತ್ತಿನಲ್ಲಿ ಆ ಕುರ್ಚಿಯ ಸುತ್ತ ಏನೇನು ನಡೆಯುತ್ತದೆ ಅನ್ನುವುದು ನಮಗೆ ಗೊತ್ತು. ರಾಜಿ ಪಂಚಾಯ್ತಿ ನಡೆಯುತ್ತದೆ. ಕೌಂಟರ್ ಕೇಸು ತಯಾರಾಗುತ್ತದೆ. ಸಾಕ್ಷಿ ಹೇಳಬೇಕಾದವನ ಸಾಲ ನೆನಪಾಗುತ್ತದೆ. ಈಗಿನ ಹೊಸ ಸಂಹಿತೆಯಲ್ಲಿ ಮೂರು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟು ಏಳು ವರ್ಷದೊಳಗೆ ಶಿಕ್ಷೆಯಿರುವ ಅಪರಾಧಗಳಿಗೆ, ಡಿವೈಎಸ್‌ಪಿಯ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶ ಇದೆ. ದೌರ್ಜನ್ಯ ಕಾಯಿದೆಯ ಕೇಸಿಗೆ ಇದು ಸಲ್ಲದು, 18ಎ ಇದೆ. ಆದರೆ ಬಂದ ದೂರನ್ನು ಯಾವ ಕಾಯಿದೆಯ ಖಾನೆಗೆ ಹಾಕಬೇಕು ಎಂದು ಮೊದಲು ನೋಡುವವನು ಯಾರು? ಮತ್ತೆ ಅದೇ ಕುರ್ಚಿ. ಹೀಗೆ ಒಂದೊಂದು ಬದಲಾವಣೆಯೂ ನಡುವಿನ ಅಧಿಕಾರಿಯ ತೀರ್ಮಾನವನ್ನು ದೊಡ್ಡದು ಮಾಡಿದೆ. ಆದರೆ ಅವನ ಬಾಯಲ್ಲಿರುವುದು ಮಾತ್ರ ಪಟೇಲನ ಕಾಲದ ಹಳೇ ಮಾತು.

ಇಷ್ಟು ಹೇಳಿ ಅವನ ಮೇಲೆ ಕಲ್ಲು ಹೊಡೆದು ಮನೆಗೆ ಹೋಗುವುದು ಸುಲಭ. ಅವನ ಪಾಡನ್ನೂ ನೋಡಬೇಕು. ನ್ಯಾಯ ಕೇಳುವವರು ಎದುರಿನವನಿಗೂ ನ್ಯಾಯ ಮಾಡಬೇಕು.

545 ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಉತ್ತರ ಪತ್ರಿಕೆಗಳನ್ನೇ ತಿದ್ದಿದ ಹಗರಣ ಹೊರಬಿತ್ತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯವರನ್ನೇ ಸಿಐಡಿ ಬಂಧಿಸಿತು. ಪರೀಕ್ಷೆ ರದ್ದಾಗಿ 2024ರ ಜನವರಿಯಲ್ಲಿ ಮರುಪರೀಕ್ಷೆ ಆಯಿತು. ಹೊಲದ ಬದುವಿನ ಮೇಲೆ ಓಡಿ ಮೈ ಹುರಿಗೊಳಿಸಿಕೊಂಡು, ರಾತ್ರಿ ಲೈಬ್ರರಿಯಲ್ಲಿ ಕೂತು ಓದಿದ ನಮ್ಮ ಹುಡುಗರ ಎರಡು ವರ್ಷ ಹೋಯಿತು. ಕುರ್ಚಿಗೆ ರೇಟು ಇರುವ ಕಡೆ, ಕೊಂಡವನು ಅಸಲು ಎತ್ತುವುದು ಯಾರಿಂದ ಅಂತ ಬಿಡಿಸಿ ಹೇಳಬೇಕಾಗಿಲ್ಲ.

2024ರ ಆಗಸ್ಟ್‌ನಲ್ಲಿ ಯಾದಗಿರಿಯಲ್ಲಿ ಪರಶುರಾಮ್ ಎಂಬ ದಲಿತ ಸಬ್ ಇನ್ಸ್‌ಪೆಕ್ಟರ್ ಇದ್ದಕ್ಕಿದ್ದಂತೆ ತೀರಿಕೊಂಡರು. ವರ್ಗಾವಣೆ ವಿಷಯದಲ್ಲಿ ಹಣಕ್ಕೆ ಪೀಡಿಸಿದ್ದರು ಅಂತ ಅವರ ಹೆಂಡತಿ ದೂರು ಕೊಟ್ಟರು. ತನಿಖೆ ಸಿಐಡಿಗೆ ಹೋಯಿತು. ಆರೋಪದ ತೀರ್ಮಾನ ನಮ್ಮದಲ್ಲ. ಆದರೆ ಅಂಥದೊಂದು ದೂರು ಕೇಳಿ ನಾಡಿನಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ ಅನ್ನುವುದೇ ಸಾಕ್ಷಿ. 2016ರಲ್ಲಿ ಕೂಡ್ಲಿಗಿಯ ಡಿವೈಎಸ್‌ಪಿ ಅನುಪಮಾ ಶೆಣೈ ಮೊದಲು ವರ್ಗವಾದರು, ಜನ ಕೂಗಿದ ಮೇಲೆ ವಾಪಸಾದರು, ಜೂನ್‌ನಲ್ಲಿ ರಾಜೀನಾಮೆ ಬಿಸಾಕಿ ಹೋದರು. ಆ ಕೊನೆಯ ಗಲಾಟೆಯ ಹಿಂದೆ ಇದ್ದದ್ದು ಅಂಬೇಡ್ಕರ್ ಭವನದ ದಾರಿಯಲ್ಲಿದ್ದ ಒಂದು ಮದ್ಯದಂಗಡಿಯ ತಕರಾರು. ನಮ್ಮ ಜಿಲ್ಲೆಯಲ್ಲೇ 2024ರ ಫೆಬ್ರವರಿಯಲ್ಲಿ ರಾಮನಗರದ ಐಜೂರು ಠಾಣೆಯಲ್ಲಿ ವಕೀಲರ ಮೇಲೆ ಕೇಸು ದಾಖಲಾಗಿ, ವಕೀಲರು ಧರಣಿ ಕೂತು, ಕೊನೆಗೆ ಸರ್ಕಾರ ಸಬ್ ಇನ್ಸ್‌ಪೆಕ್ಟರನ್ನು ಅಮಾನತು ಮಾಡಿತು. ಕೇಸು ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು. ಅಷ್ಟು ದೊಡ್ಡ ಗದ್ದಲ ಕೊನೆಗೆ ಬಂದು ಕೂತದ್ದು ಒಬ್ಬ ಸಬ್ ಇನ್ಸ್‌ಪೆಕ್ಟರನ ಹೆಗಲ ಮೇಲೆ.

ಅವನ ಕೆಳಗಿನವರ ಪಾಡು ಇನ್ನೂ ಕಷ್ಟ. 2016ರ ಜೂನ್ 4ರಂದು ನಾಡಿನ ಕಾನ್ಸ್‌ಟೇಬಲ್‌ಗಳು ಸಾಮೂಹಿಕ ರಜೆ ಹಾಕುತ್ತೇವೆ ಎಂದು ಹೊರಟರು. ಸಂಬಳ, ರಜೆ ಅಷ್ಟೇ ಅವರ ದೂರಲ್ಲ. ಮೇಲಧಿಕಾರಿಗಳ ಬೈಗುಳ, ಆರ್ಡರ್ಲಿ ಹೆಸರಿನಲ್ಲಿ ಮನೆಚಾಕರಿ, ಅದೂ ಇತ್ತು. ಮೇಲಿನವನು ಸರ್ಕಲ್‌ಗೆ ಬೈದ, ಸರ್ಕಲ್ ಸಬ್ ಇನ್ಸ್‌ಪೆಕ್ಟರಿಗೆ ಬೈದ, ಅವನು ದಫೇದಾರನಿಗೆ, ದಫೇದಾರ ಕಾನ್ಸ್‌ಟೇಬಲ್‌ಗೆ. ಕಾನ್ಸ್‌ಟೇಬಲ್ ಯಾರಿಗೆ ಬೈಯಬೇಕು? ಬಾಗಿಲಲ್ಲಿ "ಬುದ್ಧೀ" ಅಂತ ನಿಂತ ನಮಗೆ.

ಈ ಏಣಿಯನ್ನು ನಾವು ಬೇರೆಲ್ಲೋ ನೋಡಿದ್ದೇವೆ. ಬಾಬಾಸಾಹೇಬರು ಜಾತಿಯನ್ನು ಬರೀ ಅಸಮಾನತೆ ಅನ್ನಲಿಲ್ಲ, ಶ್ರೇಣೀಕೃತ ಅಸಮಾನತೆ ಅಂದರು. ಪ್ರತಿಯೊಬ್ಬನಿಗೂ ತುಳಿಸಿಕೊಳ್ಳಲು ಮೇಲೊಬ್ಬ, ತುಳಿಯಲು ಕೆಳಗೊಬ್ಬ. ಮೇಲಿನ ನೋವನ್ನು ಕೆಳಗಿನ ಅಧಿಕಾರ ಮರೆಸುತ್ತದೆ. ಅದಕ್ಕೇ ನಡುವಿನವರು ಏಣಿಯನ್ನು ಮುರಿಯುವುದಿಲ್ಲ. ಜಾತಿಯಲ್ಲೂ ನಡುವಿನವನ ಮಾತು ಇದೇ ತಾನೇ? "ನಮಗೇನಪ್ಪ, ಹಿಂದಿಂದ ನಡಕೊಂಡು ಬಂದದ್ದು." ಅಲ್ಲಿ ಪದ್ಧತಿ, ಇಲ್ಲಿ ಆರ್ಡರು. ಎರಡರಲ್ಲೂ ಹೇಳುವವನು ಕಾಣುವುದಿಲ್ಲ, ಅನುಭವಿಸುವವನು ಮಾತ್ರ ಕಾಣುತ್ತಾನೆ.

ಇಪ್ಪತ್ತನೇ ಶತಮಾನದ ಲೋಕ ಈ ಪ್ರಶ್ನೆಯನ್ನು ಬಹಳ ರಕ್ತ ಚೆಲ್ಲಿ ಕೇಳಿಕೊಂಡಿತು. 1961ರಲ್ಲಿ ಜೆರುಸಲೇಮಿನ ಕೋರ್ಟಿನಲ್ಲಿ ನಿಂತ ಐಖ್‌ಮನ್ ಹಿಟ್ಲರನ ಮಂತ್ರಿಯೇನಲ್ಲ, ಲೆಫ್ಟಿನೆಂಟ್ ಕರ್ನಲ್ ದರ್ಜೆಯ ನಡುವಿನ ಅಧಿಕಾರಿ. ಯಹೂದಿಗಳನ್ನು ರೈಲಿಗೆ ತುಂಬಿ ಸಾವಿನ ಶಿಬಿರಗಳಿಗೆ ಕಳಿಸುವ ವ್ಯವಸ್ಥೆ ನೋಡಿಕೊಂಡವನು. ನಾನು ಆಜ್ಞೆ ಪಾಲಿಸಿದೆ ಅಂದ. ಕೋರ್ಟು ಒಪ್ಪಲಿಲ್ಲ. ಅದಕ್ಕೆ ಮುಂಚೆಯೇ ನ್ಯೂರೆಂಬರ್ಗಿನ ವಿಚಾರಣೆ ಒಂದು ಗೆರೆ ಹಾಕಿತ್ತು. ಮೇಲಿನ ಆಜ್ಞೆ ಇತ್ತು ಅನ್ನುವುದು ಶಿಕ್ಷೆಯನ್ನು ಕಡಿಮೆ ಮಾಡಬಹುದು, ಹೊಣೆಯನ್ನು ತೆಗೆಯುವುದಿಲ್ಲ ಅಂತ. ನಮ್ಮ ಠಾಣೆಯ ಸಾಹೇಬರನ್ನು ಐಖ್‌ಮನ್‌ಗೆ ಹೋಲಿಸುವ ಹುಚ್ಚುತನ ನಮಗಿಲ್ಲ. ಹೋಲುವುದು ಮನುಷ್ಯರಲ್ಲ, ಹೇಳುವ ನೆಪ.

ಹಾಗಾದರೆ ನಾವು ಅವನಿಂದ ಏನು ಕೇಳುತ್ತೇವೆ? ಹುತಾತ್ಮನಾಗು ಅನ್ನುತ್ತೇವೆಯೇ? ಇಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಸಾಲ ಇದೆ, ಮಗಳ ಸ್ಕೂಲ್ ಫೀಸಿದೆ. ಎಲ್ಲರೂ ವೀರರಾಗಬೇಕು ಅನ್ನುವ ನೀತಿ ಯಾರಿಗೂ ನಿಲುಕದ ನೀತಿ. ಅಂಥ ನೀತಿಯಿಂದ ಹೆಚ್ಚು ಲಾಭ ಆಗುವುದು ಹೇಡಿಗಳಿಗೇ. "ಅದೆಲ್ಲ ಮಹಾತ್ಮರ ಕೆಲಸ, ನಮ್ಮದಲ್ಲ" ಅಂತ ತಪ್ಪಿಸಿಕೊಳ್ಳುತ್ತಾರೆ. ಕಾನೂನು ಅವನಿಂದ ಮೊದಲು ಕೇಳುವುದು ಎದೆಯನ್ನಲ್ಲ, ಪೆನ್ನನ್ನು. ಹೇಳಿದ್ದನ್ನು ಬರೆದುಕೋ. ಬರೆದುಕೊಂಡದ್ದಕ್ಕೆ ಪ್ರತಿ ಕೊಡು. ಬರೆದುಕೊಳ್ಳದಿದ್ದರೆ ಯಾಕೆ ಅಂತ ಹಿಂಬರಹ ಕೊಡು. ಮೇಲಿಂದ ಆರ್ಡರ್ ಆಗಿದ್ದರೆ ಆ ಆರ್ಡರನ್ನು ಕಾಗದದಲ್ಲಿ ಕೇಳು. ಈ ಕೊನೆಯದನ್ನು ಮಾಡಿ ನೋಡಲಿ. ಮೇಲಿನ ಎಷ್ಟೋ ಆರ್ಡರುಗಳು ಕಾಗದ ಅಂದ ಕೂಡಲೇ ಕರಗಿ ಹೋಗುತ್ತವೆ. ಯಾಕೆಂದರೆ ಅವು ಆರ್ಡರೇ ಅಲ್ಲ, ಆಸೆ. ಆಸೆಗೆ ಸೀಲು ಇರುವುದಿಲ್ಲ. ನಮ್ಮ ಹಳೇ ದಂಡಸಂಹಿತೆಯ 76ನೇ ಕಲಮು ಕೂಡ ಕಾನೂನಿಗೆ ಹೊಂದುವ ಆಜ್ಞೆಯನ್ನು ಪಾಲಿಸಿದವನಿಗೆ ಮಾತ್ರ ರಕ್ಷಣೆ ಕೊಡುತ್ತಿತ್ತು, ಫೋನಿನಲ್ಲಿ ಬಂದ ಆಸೆಗಲ್ಲ.

ಹೊಣೆಯ ಬಗ್ಗೆ ಇನ್ನೊಂದು ಮಾತು. ನಡುವಿನವನೂ ಹೊಣೆ ಅಂದರೆ ಮೇಲಿನವನು ಪಾರಾದ ಅಂತಲ್ಲ. ಹೊಣೆ ಎಂಬುದು ಊರ ಕೆರೆ ಮೀನಿನ ಪಾಲಲ್ಲ, ಒಬ್ಬನಿಗೆ ಹೆಚ್ಚಾದರೆ ಇನ್ನೊಬ್ಬನಿಗೆ ಕಡಿಮೆಯಾಗಲು. ಫೋನು ಮಾಡಿದವನದು ಪೂರಾ ಹೊಣೆ. ಕೇಳಿದವನದೂ ಪೂರಾ ಹೊಣೆ. ಇಷ್ಟು ದಿನ ಆದದ್ದು ಏನೆಂದರೆ, ಹಂಚಿ ಹಂಚಿ ಯಾರ ಪಾಲಿಗೂ ಬಾರದಂತೆ ಅದು ಮಾಯವಾಗಿದೆ.

ಇನ್ನು ನಮ್ಮ ಕೇರಿಯ ಹುಡುಗನೇ ಮೀಸಲಾತಿಯಲ್ಲಿ ಸಬ್ ಇನ್ಸ್‌ಪೆಕ್ಟರಾಗಿ ಬಂದರೆ? ಊರಲ್ಲಿ ಫ್ಲೆಕ್ಸ್ ಹಾಕುತ್ತೇವೆ, ಹಾರ ಹಾಕುತ್ತೇವೆ. ಆರು ತಿಂಗಳಾದ ಮೇಲೆ ಅವನು 'ನಮ್ಮವನಾಗಿ ಉಳಿಯಲಿಲ್ಲ' ಅಂತ ಬೈಯುತ್ತೇವೆ. ಎರಡೂ ಅವಸರದ ಮಾತು. ಅವನ ಮೇಲೆ ಎರಡು ಏಣಿಗಳ ಭಾರ ಇದೆ, ಇಲಾಖೆಯದು ಒಂದು, ಜಾತಿಯದು ಒಂದು. ನಮ್ಮವರ ದೂರು ಬರೆದುಕೊಂಡರೆ "ಜಾತಿ ಮಾಡ್ತಾನೆ" ಅನ್ನುತ್ತಾರೆ, ಬರೆದುಕೊಳ್ಳದಿದ್ದರೆ ನಾವು ದ್ರೋಹಿ ಅನ್ನುತ್ತೇವೆ. 4ನೇ ಕಲಮಿನ ಸಜೆ ಪರಿಶಿಷ್ಟರಲ್ಲದ ನೌಕರರಿಗೆ ಮಾತ್ರ. ಆದ್ದರಿಂದ ಕಾನೂನು ಅವನನ್ನು ಬಿಟ್ಟಿದೆ. ಆದರೆ ನೀತಿ ಬಿಡುವುದಿಲ್ಲ. ಆ ಕುರ್ಚಿಯವರೆಗೆ ಅವನು ಹತ್ತಿದ ಮೆಟ್ಟಿಲುಗಳನ್ನು ಕಟ್ಟಿದವರು ಅರ್ಜಿ ಹಿಡಿದು ಹೊರಗೆ ನಿಂತವರ ಅಪ್ಪ ಅಜ್ಜಂದಿರು. ಅವನು ನಮಗೆ ಪಕ್ಷಪಾತ ಮಾಡಬೇಕಾಗಿಲ್ಲ. ಎಲ್ಲರ ದೂರಿನಂತೆ ನಮ್ಮದನ್ನೂ ಬರೆದುಕೊಂಡರೆ ಸಾಕು. ಅಷ್ಟು ಮಾಡಿದರೆ ಅದೇ ಕ್ರಾಂತಿ ಅನ್ನುವಂಥ ಸ್ಥಿತಿಯಲ್ಲಿ ನಾಡು ಇದೆ.

'ಒಳ್ಳೇ ಸಾಹೇಬ' ಅನ್ನುವ ಮಾತಿನಲ್ಲೂ ಒಂದು ಮೋಸ ಇದೆ. ಒಳ್ಳೇ ಸಾಹೇಬ ಬಂದ, ಕೇಸು ತಗೊಂಡ. ಕೆಟ್ಟ ಸಾಹೇಬ ಬಂದ, ಓಡಿಸಿದ. ಹೀಗೆ ನಾವು ಸಾಹೇಬರ ಗುಣಕ್ಕೆ ಕಾದು ಕೂತರೆ ಅದು ಒಳ್ಳೇ ಗೌಡನಿಗೆ ಕಾದು ಕೂತ ನಮ್ಮ ಅಜ್ಜನ ಕತೆಯೇ. ದಯೆ ದಣಿಯ ಗುಣ. ನಮಗೆ ಬೇಕಾದ್ದು ಕೆಟ್ಟವನೂ ತಪ್ಪಿಸಿಕೊಳ್ಳಲಾಗದ ಕರ್ತವ್ಯ.

ಆ ಕರ್ತವ್ಯ ನಡೆದರೆ ಏನು, ನಡೆಯದಿದ್ದರೆ ಏನು ಎಂಬುದಕ್ಕೆ ನಾಡಿನಲ್ಲೇ ಎರಡು ಊರುಗಳಿವೆ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಇದ್ದವು, ಕೊಂದವರು ಯಾರೂ ಇರಲಿಲ್ಲ! ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶವಿಲ್ಲದ ಜಗಳ ಬೆಳೆದು 2014ರ ಆಗಸ್ಟ್‌ನಲ್ಲಿ ಗುಡಿಸಲುಗಳು ಸುಟ್ಟವು. ಹತ್ತು ವರ್ಷ ಕಳೆದು 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಹೈಕೋರ್ಟಿನಿಂದ ಬಹುಪಾಲು ಜನರಿಗೆ ಜಾಮೀನು ಸಿಕ್ಕಿತು ನಿಜ. ಆದರೂ ಒಂದು ಕೇಸು ತೀರ್ಪಿನವರೆಗೆ ಬದುಕಿ ಬಂತು. ಕೇಸು ಬದುಕುವುದು ಸಾಯುವುದು ತೀರ್ಪಿನ ದಿನವಲ್ಲ. ಮೊದಲ ವಾರದ ಮಹಜರಿನಲ್ಲಿ, ಹೇಳಿಕೆಯಲ್ಲಿ, ಸಾಕ್ಷಿಯ ಮನೆಯ ಮುಂದೆ ಕಾವಲು ಇತ್ತೋ ಇಲ್ಲವೋ ಅನ್ನುವುದರಲ್ಲಿ. ಅದೆಲ್ಲ ಆ ನಡುವಿನ ಕುರ್ಚಿಯ ಕೆಲಸ.

ಕುರ್ಚಿ ಗಟ್ಟಿಯಾಗಲು ಏನು ಬೇಕು ಅನ್ನುವುದು ಗುಟ್ಟೇನಲ್ಲ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು: ಠಾಣೆಯ ಮುಖ್ಯಸ್ಥನನ್ನು ಎರಡು ವರ್ಷ ಅಲುಗಿಸಬೇಡಿ. ಡಿವೈಎಸ್‌ಪಿವರೆಗಿನವರ ವರ್ಗಾವಣೆಯನ್ನು ಇಲಾಖೆಯ ಮಂಡಳಿ ಮಾಡಲಿ. ಡಿವೈಎಸ್‌ಪಿವರೆಗಿನವರ ಮೇಲಿನ ದೂರು ಕೇಳಲು ಜಿಲ್ಲೆಗೊಂದು ಪ್ರಾಧಿಕಾರ ಇರಲಿ. ಕೋರ್ಟಿನ ಕಣ್ಣು ಎಲ್ಲಿ ಬಿದ್ದಿದೆ ನೋಡಿ, ನಡುವಿನವನ ಮೇಲೆಯೇ. ಅವನಿಗೆ ರಕ್ಷಣೆಯೂ ಬೇಕು, ಅವನನ್ನು ಕೇಳುವವರೂ ಬೇಕು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. ಕಾಗದದಲ್ಲಿ ಮಂಡಳಿ ಇದೆ, ಪ್ರಾಧಿಕಾರ ಇದೆ. ಜಿಲ್ಲೆಯ ಪೊಲೀಸ್ ದೂರು ಪ್ರಾಧಿಕಾರ ಎಲ್ಲಿದೆ ಅಂತ ನಮ್ಮ ಹೋಬಳಿಯ ಹತ್ತು ಜನರನ್ನು ಕೇಳಿ ನೋಡಿ. ಜನಕ್ಕೆ ವಿಳಾಸ ಗೊತ್ತಿಲ್ಲದ ಬಾಗಿಲು ಗೋಡೆಗೆ ಸಮ.

ನಾವು ಮಾಡಬೇಕಾದ್ದೂ ಇದೆ. ನಮಗಾಗದ ಸಾಹೇಬನನ್ನು ಎತ್ತಂಗಡಿ ಮಾಡಿಸಿ ಅಂತ ಎಂಎಲ್‌ಎ ಮನೆ ಬಾಗಿಲಿಗೆ ಹೋಗುವುದನ್ನು ಬಿಡಬೇಕು. ಇಂದು ನಮಗಾಗಿ ತಿರುಗುವ ಚಕ್ರ ನಾಳೆ ನಮ್ಮ ಮೇಲೇ ಹರಿಯುತ್ತದೆ. ನೆಟ್ಟಗೆ ನಿಂತ ಅಧಿಕಾರಿಯನ್ನು ಎತ್ತಂಗಡಿ ಮಾಡಿದ ದಿನ ಬೀದಿಗಿಳಿಯಬೇಕು, ಅವನ ಜಾತಿ ಕೇಳದೆ. ನಮ್ಮ ಮೇಷ್ಟರುಗಳು, ಕಾಲೇಜಿನ ಹುಡುಗ ಹುಡುಗಿಯರು ಅರ್ಜಿ ಬರೆದುಕೊಡುವುದರ ಜೊತೆಗೆ ಠಾಣೆಯವರೆಗೆ ಜೊತೆಯಲ್ಲಿ ಹೋಗಬೇಕು. ಒಬ್ಬನೇ ನಿಂತವನಿಗೆ "ಸಿವಿಲ್ ಮ್ಯಾಟರ್" ಅನ್ನುವ ಬಾಯಿ, 4ನೇ ಕಲಮನ್ನು ಓದಿಕೊಂಡ ನಾಲ್ಕು ಜನ ನಿಂತರೆ ಸ್ವಲ್ಪ ಯೋಚಿಸುತ್ತದೆ. ಠಾಣೆಗಳಲ್ಲಿ ನಡೆಯುವ ಪರಿಶಿಷ್ಟರ ಕುಂದುಕೊರತೆ ಸಭೆಗೆ ಟೀ ಬಿಸ್ಕತ್ತಿಗೆ ಹೋಗಿ ಬರುವುದಲ್ಲ. ಹೋದ ಸಭೆಯಲ್ಲಿ ಕೊಟ್ಟ ಅರ್ಜಿ ಏನಾಯಿತು ಅಂತ ಹೆಸರು, ತಾರೀಖು ಹಿಡಿದು ಕೇಳಬೇಕು, ಉತ್ತರವನ್ನು ನಡವಳಿಯಲ್ಲಿ ಬರೆಸಬೇಕು.

ಇನ್ನು ಮುಂದೆ ಯಾರಾದರೂ "ಮೇಲಿಂದ ಆರ್ಡರ್ ಆಗೈತೆ" ಅಂದರೆ ನಾವು ಜಗಳ ಆಡಬೇಕಾಗಿಲ್ಲ, ಕಾಲಿಗೂ ಬೀಳಬೇಕಾಗಿಲ್ಲ. ಗಟ್ಟಿಯಾಗಿ, ಮರ್ಯಾದೆಯಿಂದ ಎರಡು ಪ್ರಶ್ನೆ ಕೇಳೋಣ. "ಸಾರ್, ಯಾರು ಹೇಳಿದ್ದು? ಅದನ್ನ ಈ ಅರ್ಜಿ ಮೇಲೆ ಬರೆದು ರುಜು ಹಾಕಿ ಕೊಡ್ತೀರಾ?"